ಗ್ಲೆನ್‌ನ ಮೊಣಕೈ ಬಗ್ಗೆ ನಾನು ಹೇಳಿದ್ದು, ಹೇಳದೇ ಉಳಿದದ್ದು

೨೦೦೪ರ ಆರಂಭದಿಂದ ೨೦೦೬ರ ಮೊದಲ ತಿಂಗಳುಗಳವರೆಗೆ ನಾನು ಮೆಲ್ಬರ್ನ್‌ನ ಒಂದು ಬೇಸ್‌ಬಾಲ್ ಕ್ಲಬ್ಬಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ವಾರದ ಐದು ದಿನ ಅದೇ ಊರಿನ ಡ್ಯಾಂಡಿನಾಂಗ್ ಬಡಾವಣೆಯ ಕ್ಲಿನಿಕ್ಕಿನಲ್ಲಿ ಕಾರ್ಖಾನೆ, ಗೋದಾಮುಗಳ ಕೆಲಸಗಾರರ ಬೆನ್ನು, ಭುಜ ನೋಡುತ್ತಿದ್ದೆ. ಮಂಗಳವಾರ ಮತ್ತು ಗುರುವಾರ ಸಂಜೆ, ಮತ್ತೆ ಶನಿವಾರ, ಭಾನುವಾರ ಕ್ಲಬ್ಬಿನ ಕೆಲಸ. ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಓದಿ, ಇಲ್ಲಿಗೆ ಬಂದ ಮೇಲೆ ಮತ್ತೆ ಪರೀಕ್ಷೆ ಬರೆದು ನೋಂದಣಿ ಪಡೆದಿದ್ದ ನನಗೆ ಬೇಸ್‌ಬಾಲಿನ ಗಂಧಗಾಳಿ ಇರಲಿಲ್ಲ. ನಿಧಾನವಾಗಿ ಕಲಿತೆ. ಕ್ರಿಕೆಟ್ಟಿನಲ್ಲಿ ಬೌಲರ್ ಇದ್ದಂತೆ ಇಲ್ಲಿ ಪಿಚರ್. ಅವನು ಓಡಿ ಬರುವುದಿಲ್ಲ. ನಿಂತಲ್ಲಿಂದಲೇ, ಒಂದು ಪಂದ್ಯದಲ್ಲಿ ನೂರರ ಹತ್ತಿರ ಸಲ, ಮೈಯ ಬಲವನ್ನೆಲ್ಲ ಹಾಕಿ ಚೆಂಡು ಎಸೆಯುತ್ತಾನೆ. ಆ ಎಳೆತವೆಲ್ಲ ಮೊಣಕೈಯ ಒಳಬದಿಯ ಒಂದು ಲಿಗಮೆಂಟಿನ ಮೇಲೆ ಬೀಳುತ್ತದೆ. ಲಿಗಮೆಂಟ್ ಎಂದರೆ ಎಲುಬುಗಳನ್ನು ಒಂದಕ್ಕೊಂದು ಹಿಡಿದಿಡುವ ಪಟ್ಟಿ.

ನಮ್ಮ ಕ್ಲಬ್ಬಿನ ದೊಡ್ಡ ಪಿಚರ್ ಗ್ಲೆನ್. ಮೂವತ್ಮೂರು ವರ್ಷ, ನಮ್ಮಲ್ಲಿ ಒಂಬತ್ತನೇ ಸೀಸನ್. ಹಗಲು ಡೆಲಿವರಿ ಟ್ರಕ್ ಓಡಿಸುತ್ತಿದ್ದ. ಅಲ್ಲಿ ಬೇಸ್‌ಬಾಲನ್ನೇ ನಂಬಿ ಬದುಕಿದವರು ಯಾರೂ ಇರಲಿಲ್ಲ. ೨೦೦೫ರ ಡಿಸೆಂಬರಿನ ಒಂದು ಸಂಜೆ ಅಭ್ಯಾಸ ಮುಗಿದ ಮೇಲೆ ಅವನು ನನ್ನ ಕೋಣೆಗೆ ಬಂದು ಬಾಗಿಲು ಮುಚ್ಚಿದ. ಮೂರು ವಾರಗಳಿಂದ, ಪಂದ್ಯದ ಒಂಬತ್ತು ಇನ್ನಿಂಗ್ಸುಗಳಲ್ಲಿ ನಾಲ್ಕನೆಯದು ದಾಟುತ್ತಿದ್ದಂತೆ ಕಿರುಬೆರಳು ಜುಮ್ಮೆನ್ನುತ್ತದೆ, ಮೊಣಕೈ ಒಳಗೆ ಏನೋ ಹಿಸಿದ ಹಾಗೆ ನೋವು ಎಂದ. ಪಂದ್ಯಕ್ಕೆ ಮೊದಲು ನೋವಿನ ಮಾತ್ರೆ ನುಂಗುತ್ತಿದ್ದ. ಕೈ ಹಿಡಿದು ನೋಡಿದೆ. ಬಲ ಚೆನ್ನಾಗಿತ್ತು, ಕೀಲು ಮಾತ್ರ ಸ್ವಲ್ಪ ಸಡಿಲ. ಲಿಗಮೆಂಟು ಅರೆಬರೆ ಹರಿದಿರಬಹುದು, ಎಂಆರ್‌ಐ ಮಾಡಿಸೋಣ ಎಂದೆ.

"ಸೀಸನ್ ಮುಗಿಯಲಿ. ಅಲ್ಲಿಯವರೆಗೆ ಇದು ನಮ್ಮಿಬ್ಬರಲ್ಲೇ ಇರಲಿ, ಶೈಲಾ," ಎಂದ ಗ್ಲೆನ್.

ಆಗಲಿ ಎಂದೆ. ಹಾಗೆ ಒಪ್ಪಿಕೊಳ್ಳುವ ಹಕ್ಕು ನನಗಿತ್ತೇ, ಕ್ಲಬ್ಬಿನ ಫಿಸಿಯೋ ಕ್ಲಬ್ಬಿಗೆ ಏನು ಹೇಳಬೇಕು, ಏನು ಹೇಳಬಾರದು ಎಂದು ಯೋಚಿಸಲಿಲ್ಲ. ಅವನು ನಂಬಿ ಹೇಳಿದ್ದೇ ನನಗೆ ಖುಷಿಯಾಗಿತ್ತು.

ಆ ವರ್ಷ ನಮ್ಮ ತಂಡದ ಸ್ಥಿತಿ ಕೆಟ್ಟಿತ್ತು. ಮೆಲ್ಬರ್ನ್ ಮತ್ತು ಸಿಡ್ನಿಯ ಕೆಲವು ಕ್ಲಬ್ಬುಗಳು ಸೇರಿ ನಡೆಸುತ್ತಿದ್ದ ಸಣ್ಣ ಲೀಗ್ ಅದು. ಜನವರಿಯ ಹೊತ್ತಿಗೆ ಹನ್ನೊಂದು ಪಂದ್ಯಗಳಲ್ಲಿ ಒಂಬತ್ತು ಸೋತಿದ್ದೆವು. ಕ್ಲಬ್ಬುಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಒಂದು ಕೊನೆಯ ದಿನವಿರುತ್ತದೆ; ಅದಕ್ಕೆ ಟ್ರೇಡ್ ಡೆಡ್‌ಲೈನ್ ಎನ್ನುತ್ತಾರೆ. ನಮ್ಮದು ಜನವರಿ ಮಧ್ಯದ ಒಂದು ಶುಕ್ರವಾರ, ಸಂಜೆ ಐದು ಗಂಟೆ. ಮೇಲಿನ ಸ್ಥಾನದಲ್ಲಿದ್ದ ಸಿಡ್ನಿಯ ಕ್ಲಬ್ಬೊಂದು ಲೀಗಿನ ಕಪ್ ಗೆಲ್ಲಲು ಒಬ್ಬ ಅನುಭವಿ ಪಿಚರ್ ಹುಡುಕುತ್ತಿತ್ತು. ಗ್ಲೆನ್‌ನನ್ನು ಕೊಟ್ಟರೆ ಹತ್ತೊಂಬತ್ತರ ಹರೆಯದ ಇಬ್ಬರು ಆಟಗಾರರನ್ನು ಕೊಡುವುದಾಗಿ ಹೇಳಿತ್ತು. ಇಂಥವರನ್ನು ಪ್ರಾಸ್ಪೆಕ್ಟ್ ಎಂದು ಕರೆಯುತ್ತಾರೆ. ಇವತ್ತಿಗೆ ಇನ್ನೂ ಎಳಸು, ಮುಂದೆ ದೊಡ್ಡ ಆಟಗಾರರಾಗಬಹುದು ಎಂಬ ಭರವಸೆ.

ಬುಧವಾರ ಮಧ್ಯಾಹ್ನ ಕ್ಲಬ್ಬಿನ ಮ್ಯಾನೇಜರ್ ವಾರೆನ್ ಸಭೆ ಕರೆದ. ಎರಡು ವರ್ಷ ಕೆಲಸ ಮಾಡಿದ್ದರೂ ಅಂಥ ಸಭೆಗೆ ನನ್ನನ್ನು ಕರೆದದ್ದು ಅದೇ ಮೊದಲು. ಕ್ಲಿನಿಕ್ಕಿಗೆ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಕೋಚ್ ಗ್ಲೆನ್‌ನನ್ನು ಬಿಟ್ಟುಕೊಡಲು ತಯಾರಿರಲಿಲ್ಲ. ಅವನು ಹೋದರೆ ಇರುವ ಪ್ರೇಕ್ಷಕರೂ ಬರುವುದಿಲ್ಲ, ಆ ಎಳೆಯರಿಗೆ ಕಲಿಸುವವರು ಯಾರು ಎಂದು ವಾದಿಸಿದ. ಒಂದು ತಾಸು ಮಾತು ಅಲ್ಲೇ ಸುತ್ತಿತು. ಕೊನೆಗೆ ವಾರೆನ್ ನನ್ನ ಕಡೆ ತಿರುಗಿದ.

"ನೀನು ಹೇಳು ಶೈಲಾ. ಅವನ ಕೈ ಇನ್ನು ಎಷ್ಟು ದಿನ ನಡೆಯುತ್ತೆ?"

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಆ ಕೋಣೆಯಲ್ಲಿ ಯಾರಿಗೂ ಗೊತ್ತಿಲ್ಲದ ಉತ್ತರ ನನ್ನ ಹತ್ತಿರ ಇತ್ತು. ಯಾರೂ ನನ್ನನ್ನು ಹೆದರಿಸಲಿಲ್ಲ. ನನಗೆ ಪಿಆರ್, ಅಂದರೆ ಇಲ್ಲಿ ಕಾಯಂ ನೆಲೆಸುವ ಅನುಮತಿ, ಸಿಕ್ಕಾಗಿತ್ತು; ಕ್ಲಬ್ಬಿನ ಕೆಲಸ ಹೋದರೂ ಕ್ಲಿನಿಕ್ ಇತ್ತು. ಬಾಯಿ ಬಿಟ್ಟದ್ದು ಭಯದಿಂದ ಎಂದು ಹೇಳಿಕೊಳ್ಳುವ ಸಮಾಧಾನವೂ ನನಗಿಲ್ಲ.

"ಮುಂದಿನ ವರ್ಷ ಎಸೆಯೋದಿಲ್ಲ ಅಂತ ನನ್ನ ಅನಿಸಿಕೆ. ಈ ವರ್ಷವೇ ಮುಗಿದರೂ ಆಶ್ಚರ್ಯವಿಲ್ಲ," ಎಂದೆ. ಕಿರುಬೆರಳು, ಮಾತ್ರೆ, ಸಡಿಲಾದ ಕೀಲು, ಎಲ್ಲವನ್ನೂ ವಿವರಿಸಿದೆ. ಚೆನ್ನಾಗಿ ವಿವರಿಸಿದೆ.

ವಾರೆನ್ ನೋಟ್‌ಬುಕ್ ಮುಚ್ಚಿ, "ಹಾಗಾದರೆ ಕೊಡೋಣ," ಎಂದ. ಹೊರಡುವಾಗ ನನ್ನ ಹೆಗಲು ತಟ್ಟಿ, "ಇವತ್ತು ನೀನು ನಿಜವಾಗಿ ನಮ್ಮವಳಾದೆ," ಎಂದ. ಮನೆಯವರೆಗೂ ಆ ಮಾತನ್ನೇ ಮೆಲುಕು ಹಾಕುತ್ತಾ ಕಾರು ಓಡಿಸಿದೆ.

ಆಟಗಾರನನ್ನು ಕಳಿಸುವ ಕ್ಲಬ್ಬಿನ ಫಿಸಿಯೋ ಒಂದು ಫಾರ್ಮ್ ತುಂಬಬೇಕಿತ್ತು. "ಈಗ ಚಿಕಿತ್ಸೆಯಲ್ಲಿರುವ ಗಾಯಗಳು" ಎಂಬ ಕಾಲಮ್ಮಿನಲ್ಲಿ "ಇಲ್ಲ" ಎಂದು ಬರೆದೆ. ಗ್ಲೆನ್ ಚಿಕಿತ್ಸೆಗೆ ಒಪ್ಪಿರಲಿಲ್ಲವಲ್ಲ, ಆದ್ದರಿಂದ ಅಕ್ಷರಶಃ ಅದು ಸುಳ್ಳಲ್ಲ. ಹಾಗೆ ಬರೆ ಎಂದು ವಾರೆನ್ ಹೇಳಿರಲಿಲ್ಲ. ಆ ಜಾಣತನ ಪೂರ್ತಿ ನನ್ನದೇ.

ಗುರುವಾರ ಗ್ಲೆನ್ ಸಿಡ್ನಿಗೆ ಹಾರಿ, ಆ ಕ್ಲಬ್ಬಿನ ಫಿಸಿಯೋ ಹತ್ತಿರ ತಪಾಸಣೆ ಮಾಡಿಸಿಕೊಂಡ. ಆ ಫಿಸಿಯೋ ಲವೀನಾ. ಮಂಗಳೂರಿನ ಕ್ರಿಶ್ಚಿಯನ್ ಹುಡುಗಿ, ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು. ಆಸ್ಟ್ರೇಲಿಯಾಕ್ಕೆ ಬಂದಾಗ ನೋಂದಣಿ ಪರೀಕ್ಷೆಗೆ ಓದಲೆಂದು ಆರು ವಾರ ನಮ್ಮ ಮನೆಯಲ್ಲೇ ಇದ್ದಳು. ಸಿಡ್ನಿ ಕ್ಲಬ್ಬಿನಲ್ಲಿ ಕೆಲಸ ಖಾಲಿ ಇದೆ ಎಂದು ಅವಳಿಗೆ ತಿಳಿಸಿದ್ದವಳೂ ನಾನೇ. ಅವತ್ತು ಸಂಜೆ ಅವಳ ಫೋನ್ ಬಂತು.

"ಶೈಲಕ್ಕ, ನಿಮ್ಮ ಗ್ಲೆನ್‌ನನ್ನು ನೋಡಿದೆ. ಎಲ್ಲ ಸರಿ ಉಂಟು. ಮೊಣಕೈ ಮಾತ್ರ ಸ್ವಲ್ಪ ಲೂಸ್ ಅನಿಸ್ತದೆ. ನಿಮಗೆ ಬೇರೆ ಎಂತಾದ್ರೂ ಗೊತ್ತುಂಟಾ?"

"ಒಂಬತ್ತು ವರ್ಷ ಚೆಂಡು ಒಗದಾನಲ್ಲ, ಅಷ್ಟು ಸಡಲ ಇದ್ದ ಇರತದ," ಎಂದೆ. "ನಾ ಫಾರ್ಮಿನ್ಯಾಗ ಎಲ್ಲಾ ಬರದೀನಿ ನೋಡು."

"ಹಾಗಾದ್ರೆ ಬಿಡಿ. ನೀವು ನೋಡಿದ್ದೀರಲ್ಲ, ಸಾಕು," ಎಂದಳು. ಆಮೇಲೆ ನನ್ನ ಗಂಡ ಶ್ರೀಕಾಂತನ ಆರೋಗ್ಯ ವಿಚಾರಿಸಿ ಫೋನ್ ಇಟ್ಟಳು.

ಶುಕ್ರವಾರ ಕಾಗದಕ್ಕೆ ಸಹಿ ಬಿತ್ತು. ಶನಿವಾರ ಮಧ್ಯಾಹ್ನ ಮೈದಾನದಲ್ಲಿ ಗ್ಲೆನ್‌ಗೆ ಬೀಳ್ಕೊಡುಗೆ. ವಾರೆನ್ ಭಾಷಣ ಮಾಡಿದ. "ಒಂಬತ್ತು ವರ್ಷ ನಮಗಾಗಿ ದುಡಿದವನಿಗೆ ಒಂದು ಕಪ್ ಎತ್ತುವ ಭಾಗ್ಯ ಸಿಗಲಿ ಅಂತ, ಮನಸ್ಸಿಲ್ಲದ ಮನಸ್ಸಿನಿಂದ ಕಳಿಸುತ್ತಿದ್ದೇವೆ," ಎಂದ. ಗ್ಲೆನ್ ಕಣ್ಣೊರೆಸಿಕೊಂಡ. ಅವನ ಹೆಂಡತಿ ಕ್ಯಾರನ್ ಶಾಲೆಯ ಕ್ಯಾಂಟೀನಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದಳು. ಮಗಳನ್ನು ಸಿಡ್ನಿಯಲ್ಲಿ ಶಾಲೆಗೆ ಸೇರಿಸಲು ಓಡಾಟ ಶುರುವಾಗಿತ್ತು. ಆ ಸಿಡ್ನಿ ಕ್ಲಬ್ಬು ಗ್ಲೆನ್‌ಗೆ ಒಂದು ಗೋದಾಮಿನಲ್ಲಿ ಕೆಲಸವನ್ನೂ ಗೊತ್ತು ಮಾಡಿತ್ತು.

ಗ್ಲೆನ್ ಕೊನೆಗೆ ನನ್ನ ಹತ್ತಿರ ಬಂದ. ತಗ್ಗಿದ ದನಿಯಲ್ಲಿ, "ನೀನು ಮಾತು ಉಳಿಸಿಕೊಂಡೆ. ನಾನು ಮರೆಯೋದಿಲ್ಲ," ಎಂದು ಕೈ ಕುಲುಕಿದ. ಅದೇ ನೋವಿನ ಕೈ. ನಾನು ಮುಗುಳ್ನಕ್ಕು, ಒಳ್ಳೆಯದಾಗಲಿ ಎಂದೆ.

ಸಿಡ್ನಿಯಲ್ಲಿ ಅವನು ಎರಡು ಪಂದ್ಯ ಚೆನ್ನಾಗಿಯೇ ಆಡಿದ. ಮೂರನೆಯದರ ಐದನೇ ಇನ್ನಿಂಗ್ಸಿನಲ್ಲಿ ಎಸೆದ ಚೆಂಡು ಅರ್ಧ ದಾರಿಯಲ್ಲೇ ನೆಲಕ್ಕೆ ಬಿತ್ತು. ಗ್ಲೆನ್ ಮೊಣಕೈ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟ. ಲಿಗಮೆಂಟ್ ಪೂರ್ತಿ ಹರಿದಿತ್ತು, ಪಕ್ಕದ ನರಕ್ಕೂ ಪೆಟ್ಟಾಗಿತ್ತು. ಎರಡು ದಿನಗಳ ನಂತರ ಲವೀನಾ ಫೋನ್ ಮಾಡಿದಳು.

"ಅಕ್ಕ, ಸ್ಕ್ಯಾನಿನಲ್ಲಿ ಹಳೆಯ ಗಾಯ ಉಂಟು ಅಂತ ಬಂದಿದೆ. ತಿಂಗಳುಗಳ ಹಿಂದಿನದ್ದು. ನಿಮಗೆ ಗೊತ್ತಿತ್ತಾ?"

"ಇಲ್ಲವ್ವಾ. ನನಗೇನೂ ಗೊತ್ತಿರಲಿಲ್ಲ," ಎಂದೆ.

ಫಾರ್ಮಿನ ಮಾತಿಗಾದರೂ ಒಂದು ಮರೆ ಇತ್ತು. ಇದಕ್ಕೆ ಯಾವ ಮರೆಯೂ ಇರಲಿಲ್ಲ.

ಫೆಬ್ರವರಿ ಮುಗಿಯುವ ಮೊದಲೇ ಸಿಡ್ನಿ ಕ್ಲಬ್ಬು ಲವೀನಾಳನ್ನು ಕೆಲಸದಿಂದ ತೆಗೆಯಿತು. ತಪಾಸಣೆಯಲ್ಲಿ ಅಜಾಗರೂಕತೆ ಎಂದು ಕಾರಣ ಬರೆದಿದ್ದರು. ಗೋದಾಮಿನಲ್ಲಿ ಪೆಟ್ಟಿಗೆ ಎತ್ತಲಾಗದ ಗ್ಲೆನ್‌ನ ಕೆಲಸವೂ ಹೋಗಿತ್ತು. ನಾನು ಯಾರಿಗೂ ಏನೂ ಹೇಳಲಿಲ್ಲ. ಮಂಗಳವಾರ, ಗುರುವಾರ ಎಂದಿನಂತೆ ಕ್ಲಬ್ಬಿಗೆ ಹೋಗಿ, ಹೊಸದಾಗಿ ಬಂದ ಆ ಇಬ್ಬರ ಭುಜಗಳಿಗೆ ಐಸ್ ಕಟ್ಟುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಅವಲಕ್ಕಿ ತಿನ್ನುತ್ತಾ ಶ್ರೀಕಾಂತ ಕೇಳಿದರು, "ಲವೀನಾನ ಕೆಲಸಾ ಹೋತಂತಲ್ಲ, ಯಾಕಂತ?" ಅವಳು ನಮ್ಮ ಮನೆಯಲ್ಲಿದ್ದ ಆರು ವಾರವೂ ಅವರೇ ಅವಳನ್ನು ಪರೀಕ್ಷೆಯ ತರಗತಿಗೆ ಕರೆದೊಯ್ದು ಕರೆತರುತ್ತಿದ್ದರು. ಏನಾದರೂ ನೆಪ ಹೇಳಬೇಕೆಂದುಕೊಂಡೆ. ಆಗಲಿಲ್ಲ. ಮೊದಲಿನಿಂದ ಎಲ್ಲ ಹೇಳಿದೆ.

ಅವರು ಸಿಟ್ಟಾಗಲಿಲ್ಲ. ತಟ್ಟೆ ಸರಿಸಿದರು.

"ಅಂವ ಹೇಳಬ್ಯಾಡಂದಿದ್ದ, ಹೇಳಿದಿ. ಆಕಿ ಹೇಳ್ರಿ ಅಂತ ಕೇಳಿದ್ಲು, ಮುಚ್ಚಿಟ್ಟಿ. ಯಾರ ಸಲುವಾಗಿ ಶೈಲಾ?"

ಆ ಬುಧವಾರದ ಸಭೆಯಲ್ಲಿ ಮೇಜಿನ ಸುತ್ತ ಕೂತವರು ನನ್ನನ್ನು ನಮ್ಮವಳು ಎನ್ನಲಿ ಎಂದು, ಅಷ್ಟರ ಸಲುವಾಗಿ ಎಂದು ಬಾಯಿಬಿಟ್ಟು ಹೇಳುವುದು ಹೇಗೆ?

"ಹೋಗಿ ಹೇಳಿ ಬಾ. ಫೋನಿನ್ಯಾಗ ಬ್ಯಾಡ," ಎಂದರು.

ಮುಂದಿನ ಶನಿವಾರ ಸಿಡ್ನಿಗೆ ಹೋದೆ. ಲವೀನಾ ಅಲ್ಲಿಯ ಪ್ಯಾರಮ್ಯಾಟಾ ಬಡಾವಣೆಯಲ್ಲಿ ಒಂದು ಸಣ್ಣ ಫ್ಲ್ಯಾಟ್ ಬಾಡಿಗೆಗೆ ಹಿಡಿದಿದ್ದಳು. ನಾನು ಬರುತ್ತೇನೆಂದು ನೀರುದೋಸೆ, ಕೋಳಿ ಸಾರು ಮಾಡಿದ್ದಳು. ಸಮಾಧಾನ ಹೇಳಲು ಬಂದಿದ್ದೇನೆಂದು ತಿಳಿದಿದ್ದಳು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದವಳು ಕೂರದೆಯೇ ಹೇಳಿದೆ. ಡಿಸೆಂಬರಿನಲ್ಲೇ ಗೊತ್ತಿತ್ತು. ನೀನು ಮೊದಲ ಸಲ ಕೇಳಿದಾಗಲೂ ಗೊತ್ತಿತ್ತು, ಎರಡನೇ ಸಲ ಕೇಳಿದಾಗಲೂ ಗೊತ್ತಿತ್ತು.

ಅವಳು ಒಲೆ ಆರಿಸಿದಳು.

"ನಾನು ಎಂಆರ್‌ಐ ಬುಕ್ ಮಾಡಿದ್ದೆ. ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ. ಲೂಸ್ ಉಂಟಲ್ಲ, ಒಮ್ಮೆ ನೋಡುವ ಅಂತ. ನಿಮ್ಮ ಹತ್ತಿರ ಮಾತಾಡಿದ ಮೇಲೆ ಕ್ಯಾನ್ಸಲ್ ಮಾಡಿದೆ."

ಅವಳು ಅಳಲಿಲ್ಲ, ಬೈಯಲಿಲ್ಲ. "ದೋಸೆ ಆಗಿದೆ, ತಿಂದು ಹೋಗಿ," ಎಂದಳು. ಇಬ್ಬರೂ ಎದುರುಬದುರು ಕೂತು ತಿಂದೆವು. ಗ್ಲೆನ್‌ನ ಮನೆ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟಳು. ಬಾಗಿಲವರೆಗೂ ಬಂದಳು. ಆದರೆ ಅವತ್ತಿನಿಂದ ಇವತ್ತಿನವರೆಗೆ ಅವಳ ಬಾಯಲ್ಲಿ ನಾನು "ಅಕ್ಕ" ಎಂಬ ಮಾತು ಕೇಳಿಲ್ಲ.

ಅಲ್ಲಿಂದ ನೇರ ಗ್ಲೆನ್‌ನ ಮನೆಗೆ ಹೋದೆ. ಅವನ ಕೈ ಬ್ರೇಸಿನಲ್ಲಿತ್ತು, ಆಪರೇಷನ್ ಆಗಿತ್ತು. ಫಾರ್ಮಿನ ವಿಷಯ ಹೇಳಿದಾಗ ಅವನು ತಲೆಯಾಡಿಸಿದ. "ಅದರಲ್ಲಿ ನನ್ನದೂ ತಪ್ಪಿದೆ. ಲವೀನಾ ಕೇಳಿದಾಗ ನೋವಿಲ್ಲ ಅಂದವನು ನಾನೇ," ಎಂದ. ಅಲ್ಲಿಗೆ ಎದ್ದು ಬಂದಿದ್ದರೆ ನನ್ನ ಹೊರೆ ಅರ್ಧ ಇಳಿಯುತ್ತಿತ್ತೇನೋ. ಆದರೆ ಅವನು ಇನ್ನೊಂದು ಪ್ರಶ್ನೆ ಕೇಳಿದ.

"ವಾರೆನ್‌ಗೆ ಗೊತ್ತಿತ್ತಾ?"

"ಗೊತ್ತಿತ್ತು. ನಾನೇ ಹೇಳಿದ್ದೆ."

"ಯಾವಾಗ?"

"ಬುಧವಾರ. ನಿನ್ನನ್ನು ಕೊಡೋದು ಅಂತ ತೀರ್ಮಾನ ಮಾಡುವ ಮೊದಲು."

ಅವನ ಮುಖ ನಿಧಾನವಾಗಿ ಬದಲಾಯಿತು. ಒಂಬತ್ತು ವರ್ಷದ ದುಡಿಮೆಗೆ ಮೆಚ್ಚಿ ಕಳಿಸಿದರು ಎಂದು ಅವನು ನಂಬಿಕೊಂಡಿದ್ದ. ಕೈ ಕೆಡುವ ಮೊದಲು ಸಾಗಹಾಕಿದರು ಎಂದು ಈಗ ತಿಳಿಯಿತು.

"ನಿನಗೇ ಯಾಕೆ ಹೇಳಿದೆ ಗೊತ್ತಾ?" ಎಂದ. "ಆ ಕ್ಲಬ್ಬಿನಲ್ಲಿ ಗೆಲುವು ಸೋಲಿನ ಚಿಂತೆ ಇಲ್ಲದವಳು ನೀನೊಬ್ಬಳೇ ಅಂದುಕೊಂಡಿದ್ದೆ. ನಿನಗೆ ಆಟವೇ ಗೊತ್ತಿಲ್ಲವಲ್ಲ, ಕೈ ಮಾತ್ರ ನೋಡ್ತೀಯ ಅಂದುಕೊಂಡೆ."

ಪಕ್ಕದಲ್ಲೇ ಕೂತಿದ್ದ ಕ್ಯಾರನ್ ಎದ್ದು ಬಾಗಿಲು ತೆರೆದು ನಿಂತಳು. ನಾನು ಹೊರಬಂದೆ.

ಮೆಲ್ಬರ್ನ್‌ಗೆ ಮರಳಿ ಎರಡೂ ಕ್ಲಬ್ಬುಗಳಿಗೆ, ನಮ್ಮ ನೋಂದಣಿ ಮಂಡಳಿಗೆ ನಡೆದದ್ದನ್ನು ಬರೆದು ಕಳಿಸಿದೆ. ನಮ್ಮ ಕ್ಲಬ್ಬು ನನ್ನನ್ನು ತೆಗೆಯಿತು. ಮಂಡಳಿ ಲಿಖಿತ ಎಚ್ಚರಿಕೆ ಕೊಟ್ಟು, ಒಂದು ವರ್ಷ ನನ್ನ ವರದಿಗಳನ್ನು ಹಿರಿಯರೊಬ್ಬರು ನೋಡಿ ಸಹಿ ಮಾಡಬೇಕೆಂದಿತು. ಸಿಡ್ನಿ ಕ್ಲಬ್ಬು ಲವೀನಾಳ ಮೇಲಿನ ಆರೋಪ ಹಿಂತೆಗೆದುಕೊಂಡು ವಾಪಸ್ ಕರೆಯಿತು, ಅವಳು ಹೋಗಲಿಲ್ಲ. ಮಕ್ಕಳ ಆಸ್ಪತ್ರೆಯೊಂದಕ್ಕೆ ಸೇರಿದಳು. ಗ್ಲೆನ್ ಮತ್ತೆ ಎಂದೂ ಪಿಚ್ ಮಾಡಲಿಲ್ಲ. ಅವನ ಕಿರುಬೆರಳಿಗೆ ಸ್ಪರ್ಶ ಪೂರ್ತಿ ಮರಳಲಿಲ್ಲ ಎಂದು ಕೇಳಿದೆ. ಆ ಇಬ್ಬರು ಪ್ರಾಸ್ಪೆಕ್ಟುಗಳು ಮುಂದಿನ ಸೀಸನ್ನಿನಲ್ಲಿ ಬಹಳ ಚೆನ್ನಾಗಿ ಆಡಿ ತಂಡವನ್ನು ಮೇಲೆತ್ತಿದರು. ವಾರೆನ್‌ನ ಜಾಣ ನಿರ್ಧಾರವನ್ನು ಎಲ್ಲರೂ ಹೊಗಳಿದರು.

ಈಗ ನಾನು ಮೆಲ್ಬರ್ನ್ ಹೊರವಲಯದ ವೆರಿಬೀಯಲ್ಲಿ ಒಂದು ಕ್ಲಿನಿಕ್ಕಿನಲ್ಲಿ ಹೊಸ ಫಿಸಿಯೋಗಳಿಗೆ ಕೆಲಸ ಕಲಿಸುತ್ತೇನೆ. ರೋಗಿ ಬಾಯಿ ತೆರೆಯುವ ಮೊದಲೇ, ನೀವು ಹೇಳಿದ್ದು ಯಾರ್ಯಾರ ಕಿವಿಗೆ ಹೋಗುತ್ತದೆ ಎಂದು ಹೇಳಿಬಿಡಿ ಎನ್ನುತ್ತೇನೆ. ಇನ್ನೊಬ್ಬ ಫಿಸಿಯೋ ಕೇಳಿದಾಗ ಗೊತ್ತಿದ್ದದ್ದನ್ನು ಹೇಳಲಾಗದಿದ್ದರೆ, ಹೇಳಲಾರೆ ಎಂದಾದರೂ ಹೇಳಿ ಎನ್ನುತ್ತೇನೆ. ಇದು ಪುಸ್ತಕದಲ್ಲಿಯೂ ಇದೆ, ನಾನೂ ಓದಿ ಪಾಸಾಗಿದ್ದೆ. ಆ ಗುರುವಾರ ಲವೀನಾಗೆ, "ನನ್ನ ಮಾತು ನೆಚ್ಚಬ್ಯಾಡ, ನೀನ ಸ್ಕ್ಯಾನ್ ಮಾಡಸು," ಎಂದಿದ್ದರೆ ಸಾಕಿತ್ತು. ಅವಳು ಬೆಳಿಗ್ಗೆ ಎಂಟಕ್ಕೆ ಮಾಡಿಸುತ್ತಿದ್ದಳು. ಅದಲುಬದಲು ರದ್ದಾಗಿ ಗ್ಲೆನ್ ಮೆಲ್ಬರ್ನ್‌ಗೆ ವಾಪಸ್ ಬರುತ್ತಿದ್ದ, ಕೈಗೆ ಸಮಯಕ್ಕೆ ಚಿಕಿತ್ಸೆ ಸಿಗುತ್ತಿತ್ತು. ನಮ್ಮ ಕ್ಲಬ್ಬಿಗೆ ಆ ಇಬ್ಬರು ಆಟಗಾರರು ಸಿಗುತ್ತಿರಲಿಲ್ಲ, ಅಷ್ಟೇ.