ಸುಸ್ತಾದ ಮೇಲಿನ ಅಳತೆ

ಗಾಲ್ಫ್ ಮೈದಾನದ ಹಿಂಭಾಗದಲ್ಲಿ, ಹುಲ್ಲು ಕತ್ತರಿಸುವ ಯಂತ್ರಗಳನ್ನು ನಿಲ್ಲಿಸುವ ಶೆಡ್ಡಿಗೆ ಒತ್ತಿಕೊಂಡು ಒಂದು ಕೋಣೆ ಇದೆ. ಒಳಗೆ ಒಂದು ಸಾಣೆಚಕ್ರ, ಗೋಡೆಗೆ ಒರಗಿಸಿದ ಕೋಲುಗಳು, ಒಂದು ಕೈ ಮುರಿದ ಕುರ್ಚಿ. ಆ ಕುರ್ಚಿಯಲ್ಲಿ ಕೂತವನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದ್ದೀತು. ಮೈದಾನಕ್ಕೆಲ್ಲ ಅವನು ಸುಸ್ತಪ್ಪ. ಮುಖ ನೋಡಿದರೂ ಹೆಸರು ಒಪ್ಪುತ್ತದೆ. ಆದರೆ ಅದು ಬಂದದ್ದು ಅವನ ಬಾಯಿಂದ.

ಮರಳುಗುಂಡಿಯಲ್ಲಿ ಬಿದ್ದ ಚೆಂಡನ್ನು ಎತ್ತಿ ಹೊರಹಾಕಲು ವೆಡ್ಜ್ ಎಂಬ ಗಿಡ್ಡ ಕೋಲು ಬೇಕು. ಅದರ ಕಬ್ಬಿಣದ ತಲೆಗೆ ಪಾದದಂಥ ಒಂದು ತಳ. ಮರಳು ಮೆತ್ತಗಿದ್ದರೆ ತಳ ಉಬ್ಬಿರಬೇಕು, ಇಲ್ಲವಾದರೆ ಕೋಲು ಹೂತುಹೋಗುತ್ತದೆ. ನೆಲ ಗಟ್ಟಿಯಿದ್ದರೆ ತಳ ತೆಳ್ಳಗಿರಬೇಕು, ಇಲ್ಲವಾದರೆ ಕೋಲು ಪುಟಿದು ಚೆಂಡಿನ ನೆತ್ತಿಗೆ ಬಡಿಯುತ್ತದೆ. ಬಂದವರೆಲ್ಲ ಕೇಳುವುದು ಎರಡಕ್ಕೂ ಆಗುವ ಒಂದೇ ಕೋಲನ್ನು. ಅವರವರ ಮೈಗೆ ತಕ್ಕಂತೆ ತಳ ಉಜ್ಜಿಕೊಡುವುದು ಸುಸ್ತಪ್ಪನ ಕೆಲಸ. ಆದರೆ ಗಿರಾಕಿ ಬಂದ ಕೂಡಲೇ ಅವನು ಅಳತೆ ತೆಗೆದುಕೊಳ್ಳುವವನಲ್ಲ. "ಒಂದು ಸುತ್ತು ಆಡ್ಕೊಂಡು, ಸುಸ್ತಾದ್ಮೇಲೆ ಬನ್ನಿ" ಎಂದು ಅಟ್ಟಿಬಿಡುತ್ತಾನೆ. ಹುರುಪಿನಲ್ಲಿದ್ದಾಗ ಎಲ್ಲರೂ ಶೂರರೇ, ಫೋಟೋಕ್ಕೆ ನಿಂತವರ ಹಾಗೆ ಎದೆ ಸೆಟೆಸಿ ಬೀಸುತ್ತಾರೆ. ಕೋಲು ಕೈಕೊಡುವುದು ಕಾಲು ಸೋತಮೇಲೆ.

ಅವನ ಅಪ್ಪ ಬೀದಿ ಬೀದಿ ಸುತ್ತಿ ಕತ್ತರಿ, ಚಾಕು ಸಾಣೆ ಹಿಡಿಯುತ್ತಿದ್ದ. ಮಗ ಇಲ್ಲಿಗೆ ಬಂದದ್ದು ಹುಲ್ಲುಯಂತ್ರದ ಅಲಗು ಹರಿತ ಮಾಡಲು. ಆಗ ಯಂತ್ರ ಓಡಿಸುತ್ತಿದ್ದವಳೇ ಹುಲ್ಲಕ್ಕ. ಅವಳ ಅಲಗು ಮಾತ್ರ ವಾರವಾರವೂ ಮೊಂಡಾಗುತ್ತಿತ್ತು. ಮದುವೆಯಾದ ಮೇಲೆ ಒಂದು ದಿನ, "ಬೇಕಂತಲೇ ಕಲ್ಲಿನ ಮೇಲೆ ಹತ್ತಿಸ್ತಿದ್ದೆ ಕಣ್ರೀ. ನಿಮಗೆ ಅಷ್ಟೂ ಗೊತ್ತಾಗ್ಲಿಲ್ವಾ?" ಎಂದು ನಕ್ಕಿದ್ದಳು. ಅವನಿಗೆ ನಿಜಕ್ಕೂ ಗೊತ್ತಾಗಿರಲಿಲ್ಲ. ಕಬ್ಬಿಣ ನೋಡುವಷ್ಟು ಚೆನ್ನಾಗಿ ಅವನು ಮನುಷ್ಯರನ್ನು ನೋಡಿದವನಲ್ಲ.

ಮೈದಾನಕ್ಕೆ ರಜೆಯಿರುವ ಸೋಮವಾರ ಕೆಲಸದವರು ಆಡಬಹುದು. ಅಡುಗೆಮನೆಯವಳು, ಬಟ್ಟೆ ಒಗೆಯುವವಳು, ಗೇಟಿನವಳು ಮತ್ತು ಹುಲ್ಲಕ್ಕ, ನಾಲ್ವರದ್ದೊಂದು ಗುಂಪು. ಕಸಬರಿಗೆ ಆಡಿಸಿದಷ್ಟು ಹಗುರವಾಗಿ ಹುಲ್ಲಕ್ಕ ಕೋಲು ಬೀಸುತ್ತಿದ್ದಳು, ಯಾವುದೋ ಗಿರಾಕಿ ಬಿಸಾಡಿದ ಹಳೇ ಕೋಲಲ್ಲೇ. ಕಮ್ಮಾರನ ಮನೆಯಲ್ಲಿ ಮೊಂಡು ಕತ್ತಿ ಎಂದು ಉಳಿದವರು ಗೇಲಿ ಮಾಡುತ್ತಿದ್ದರು. ವಾರವೆಲ್ಲ ಅವಳು ಬಾಯಿಬಿಟ್ಟು ನಗುತ್ತಿದ್ದುದು ಆ ಒಂದು ದಿನ.

ಆಮೇಲೆ ಅವಳ ಎಡಸೊಂಟದ ಕೀಲು ಸವೆಯಿತು. ಆಪರೇಷನ್ ಆಯಿತು, ಕೆಲಸ ಬಿಟ್ಟದ್ದಾಯಿತು, ಕೋಲೂರಿ ನಡೆದದ್ದೂ ಆಯಿತು. ಅಷ್ಟೂ ತಿಂಗಳು ಅವಳಿಗಿದ್ದ ಹಂಬಲ ಒಂದೇ, ಮತ್ತೆ ಸೋಮವಾರದ ಆಟಕ್ಕೆ ಹೋಗಬೇಕು. "ನನಗೂ ಒಂದು ವೆಡ್ಜ್ ಮಾಡ್ಕೊಡಿ. ಮುಂದಿನ ಗುಂಡೀಲಿ ಮರಳು ಹೊಸದು, ಮೆತ್ತಗಿದೆಯಂತೆ. ಹಿಂದ್ಗಡೆ ನೆಲ ಕಲ್ಲಾಗಿದೆಯಂತೆ. ಎರಡಕ್ಕೂ ಆಗ್ಬೇಕು" ಎಂದು ಮೊದಲ ಬಾರಿ ಬಾಯಿಬಿಟ್ಟು ಕೇಳಿದಳು.

ಅವನು ಮಾಡಿದ. ಕಂಡಕಂಡವರನ್ನೆಲ್ಲ ಮೈದಾನ ಸುತ್ತಿಸುವವನು ಹೆಂಡತಿಯನ್ನು ಮಾತ್ರ ಒಮ್ಮೆಯೂ ಅಳತೆಯ ಹಲಗೆಯ ಮೇಲೆ ನಿಲ್ಲಿಸಲಿಲ್ಲ. ಇಷ್ಟು ವರ್ಷ ಬಾಳಿದವಳ ಅಳತೆ ಬೇರೆ ತೆಗೆಯಬೇಕೇ ಎಂಬ ಜಂಬ. ಅವಳ ಹಳೆಯ ಹಗುರ ಬೀಸನ್ನು ಮನಸ್ಸಿನಲ್ಲಿಟ್ಟುಕೊಂಡು ತಳವನ್ನು ತೆಳ್ಳಗೆ, ಕನ್ನಡಿಯಂತೆ ಉಜ್ಜಿದ. ಅವನ ಕೈಯಿಂದ ಅಷ್ಟು ಚೆಂದದ ಕೋಲು ಇನ್ನೊಂದು ಬಂದಿರಲಿಲ್ಲ.

ಆ ಸೋಮವಾರ ಮೊದಲ ಗುಂಡಿಯಲ್ಲೇ ಕೋಲು ಮರಳಿನಲ್ಲಿ ನಾಟಿಕೊಂಡಿತು. ಮತ್ತೆ ಹೊಡೆದಳು, ಮತ್ತೆ ನಾಟಿಕೊಂಡಿತು. ಕೊನೆಗೆ ಚೆಂಡನ್ನು ಕೈಯಲ್ಲೇ ಎತ್ತಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದಳು. "ಕೋಲು ಯಾಕೋ ಸರಿಯಿಲ್ಲ ಕಣ್ರೀ" ಎಂದಳು. ಅವನಿಗೂ ದಿನವೆಲ್ಲ ಸಾಣೆ ಹಿಡಿದು ಭುಜ ಕಳಚಿಬೀಳುವಂತಿತ್ತು.

"ಕುಣಿಲಾರದವಳು ನೆಲ ಡೊಂಕು ಅಂದ್ಲಂತೆ" ಎಂದುಬಿಟ್ಟ.

ಅವಳು ಆಟದ ಬೂಟುಗಳನ್ನು ಚೀಲಕ್ಕೆ ಹಾಕಿ, ಕುರ್ಚಿ ಹತ್ತಲಾರದೆ, ಅವನ ಕೈಗೇ ಕೊಟ್ಟು, "ಅಟ್ಟಕ್ಕೆ ಹಾಕಿ" ಎಂದಳು. ಅವನು ಹಾಕಿದ. ಅಂದಿನಿಂದ ಮನೆಯಲ್ಲಿ ಉಪ್ಪು ಇದೆಯಾ, ನೀರು ಬಂತಾ, ಇಷ್ಟೇ ಮಾತು. ಕೋಲು ಬಾಗಿಲ ಹಿಂದೆ ನಿಂತುಕೊಂಡಿತು.

ವಾರಗಳು ಹೀಗೇ ಸವೆದವು. ಒಂದು ಮಧ್ಯಾಹ್ನ ಹಲ್ಲಿನ ಡಾಕ್ಟರು ಬೆವರಿಳಿಸಿಕೊಂಡು ಕೋಣೆಗೆ ಬಂದರು. "ಸುಸ್ತಾಗಿ ಬಂದಿದೀನಿ ನೋಡಪ್ಪ, ಇನ್ನು ಅಳತೆ ತಗೊಳ್ತೀಯೋ, ಇಲ್ಲಾ ಇಲ್ಲೇ ಮಲಗ್ಲೋ?" ಎಂದು ಗೋಡೆಗೆ ಒರಗಿ ಕೂತರು. ಅಷ್ಟರಲ್ಲಿ ಬಾಗಿಲಲ್ಲಿ ಹುಲ್ಲಕ್ಕ. ಒಂದು ಕೈಯಲ್ಲಿ ಅವನು ಮರೆತು ಬಂದಿದ್ದ ಊಟದ ಡಬ್ಬಿ, ಇನ್ನೊಂದರಲ್ಲಿ ಆ ಕೋಲು. ಬಸ್ಸು ಇಳಿದು ನಡೆದು ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದಳು.

"ಇದನ್ನ ಯಾರಿಗಾದ್ರೂ ಮಾರಿಬಿಡಿ. ಮನೇಲಿ ಕಂಡಾಗೆಲ್ಲ ಹೊಟ್ಟೆ ಉರಿಯುತ್ತೆ" ಎಂದಳು.

"ಮೊದ್ಲು ಕೂತ್ಕೋ. ಡಾಕ್ಟರ ಅಳತೆ ಮುಗಿಸ್ತೀನಿ. ಪಾಪ, ಸುಸ್ತಾಗಿದಾರೆ."

"ನನಗೂ ಸುಸ್ತಾಗಿದೆ ಕಣ್ರೀ" ಎಂದಳು ಹುಲ್ಲಕ್ಕ. ದನಿ ಏರಿಸಲಿಲ್ಲ. "ಒಂದು ವರ್ಷದಿಂದ ಆಗಿದೆ. ನನ್ನ ಅಳತೆ ಯಾವಾಗ ತಗೋತೀರಿ?"

ಡಾಕ್ಟರು ಮೆಲ್ಲಗೆ ಎದ್ದು, ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದರು.

ಸುಸ್ತಪ್ಪ ಕೋಲಿನ ತಳಕ್ಕೆ ಟೇಪು ಅಂಟಿಸಿ, ಹಲಗೆ ಹಾಸಿ, ಮೇಲೊಂದು ಚೆಂಡು ಇಟ್ಟ. ಹಲಗೆಗೆ ತಗುಲಿದ ಕಡೆ ಟೇಪಿನ ಮೇಲೆ ಕಪ್ಪು ಗುರುತು ಬೀಳುತ್ತದೆ. ಅದು ನಡುವೆ ಬಿದ್ದರೆ ಕೋಲು ಮೈಗೆ ಹೊಂದಿದೆ ಎಂದರ್ಥ. ಅವಳು ಹಲಗೆಯ ಮೇಲೆ ನಿಂತಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಿಂತದ್ದನ್ನು ಅವನು ನೋಡಿಯೇ ಇರಲಿಲ್ಲ. ಅವಳು ಎದ್ದಾಗ ಪೇಪರ್ ಹಿಡಿಯುತ್ತಿದ್ದ, ನಡೆದಾಗ ಕಿಟಕಿಯತ್ತ ತಿರುಗುತ್ತಿದ್ದ. ನೋಡಿದರೆ ಆ ಹಳೆಯ ಹುಲ್ಲಕ್ಕ ಇನ್ನಿಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಅದಕ್ಕೆ ಅವನು ಹೆದರಿದ್ದ. ಈಗ ನೋಡಿದ. ಭಾರವೆಲ್ಲ ಬಲಗಾಲಿನ ಮೇಲೆ, ಎಡಗಾಲು ಬರೀ ನೆಲ ಮುಟ್ಟಿದೆ, ಬೆನ್ನು ಬಾಗಿ ಕೈಗಳು ಕೆಳಗಿಳಿದಿವೆ. ಅವಳು ಬೀಸಿದಳು. ಕೋಲು ಚೆಂಡಿಗಿಂತ ಮುಂಚೆಯೇ ಹಲಗೆಗೆ ಬಡಿಯಿತು.

"ಎಲ್ಲಿ ಬಿತ್ತು ಗುರುತು?"

ಅವನು ಕೋಲು ತಿರುಗಿಸಿ ನೋಡಿ, ಟೇಪನ್ನು ಹೆಬ್ಬೆರಳಿನಿಂದ ಮುಚ್ಚಿದ.

"ಗಿರಾಕಿಗಳಿಗೆ ಸುಳ್ಳು ಹೇಳಲ್ಲ ಅಂತೀರಲ್ಲ. ಹೇಳಿ."

"ನಡುವೆ ಬಿದ್ದಿಲ್ಲ ಕಣೇ. ಪೂರ್ತಿ ಹಿಮ್ಮಡಿ ಕಡೆಗಿದೆ, ಕೋಲಿನ ಕತ್ತಿನ ಹತ್ತಿರ."

"ಹಾಗಾದ್ರೆ ಹಿಮ್ಮಡಿಗೆ ತಕ್ಕ ಹಾಗೆ ಮಾಡಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಉಜ್ಜಿದ ಕಬ್ಬಿಣವೂ ಹಾಗೆಯೇ, ತೆಗೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಆ ಚೆಂದದ ಕೋಲು ಅವಳಿಗೆ ಇನ್ನು ಆಗದು. ಅವನು ಹೊಸ ತಲೆ ತೆಗೆದುಕೊಂಡ. ಅದರ ಕತ್ತನ್ನು ಬಗ್ಗಿಸಿ ಅವಳ ಕೈಯ ಎತ್ತರಕ್ಕೆ ತಂದ. ಮೆತ್ತನೆ ಮರಳಿಗೆಂದು ತಳದ ಉಬ್ಬನ್ನು ಉಳಿಸಿಕೊಂಡ, ಗಟ್ಟಿ ನೆಲಕ್ಕೆಂದು ಹಿಂದಿನ ಅಂಚನ್ನಷ್ಟೇ ಉಜ್ಜಿದ. ನೋಡಲು ಅದು ಗೂಟದ ಹಾಗಿತ್ತು.

ಸೋಮವಾರ ಬೂಟುಗಳನ್ನು ಅಟ್ಟದಿಂದ ಅವನೇ ಇಳಿಸಿದ, ಮಂಡಿಯೂರಿ ಅವನೇ ಲೇಸು ಕಟ್ಟಿದ. "ಡೊಂಕು ನೆಲ ಅಲ್ಲ, ನನ್ನ ಕಣ್ಣು" ಎಂದು ಬೂಟಿಗೆ ಹೇಳಿದ. ಅವಳಿಗೆ ಕೇಳಿಸಿತೋ ಇಲ್ಲವೋ, ಅವನ ತಲೆಯ ಮೇಲೊಮ್ಮೆ ಕೈಯಿಟ್ಟು ಎದ್ದಳು.

ಮೊದಲ ಗುಂಡಿಯಲ್ಲಿ ಒಂದು ಹೊಡೆತ ವ್ಯರ್ಥವಾಯಿತು. ಗೆಳತಿಯರು ಅತ್ತಿತ್ತ ನೋಡಿದರು. ಎರಡನೆಯದಕ್ಕೆ ಮರಳೂ ಚೆಂಡೂ ಒಟ್ಟಿಗೆ ಎದ್ದವು. ಚೆಂಡು ಹುಲ್ಲಂಚಿನಲ್ಲಿ ಬಿದ್ದು ನಿಂತಿತು. ಮಹಾ ಹೊಡೆತವೇನಲ್ಲ. ಆದರೂ ಅಡುಗೆಮನೆಯವಳು ಸೀಟಿ ಹೊಡೆದಳು.

ಗುಂಡಿಯ ಮರಳು ಸಮ ಮಾಡಲು, ಜೊತೆಗೆ ಬಂದಿದ್ದ ಸುಸ್ತಪ್ಪ ಕುಂಟೆ ಎತ್ತಿಕೊಂಡ. ಅವಳು ನಿಂತಿದ್ದ ಕಡೆ ಎರಡು ಹೆಜ್ಜೆ ಮೂಡಿದ್ದವು, ಬಲದ್ದು ಆಳ, ಎಡದ್ದು ಇದೆಯೋ ಇಲ್ಲವೋ ಎಂಬಷ್ಟು ತೆಳು. ಅವನು ಕುಂಟೆ ಹಿಡಿದು ಹಾಗೇ ನಿಂತ.

"ಏನ್ರೀ ಅದು, ಅಷ್ಟು ಹೊತ್ತಿಂದ ನೋಡ್ತಿದೀರಿ?"

"ನಿನ್ನನ್ನೇ ಕಣೇ."

ಅವಳು ಬಂದು ಅವನ ಕೈಯಿಂದ ಕುಂಟೆ ತೆಗೆದುಕೊಂಡಳು. ಆದರೆ ಕೂಡಲೇ ಎಳೆಯಲಿಲ್ಲ, ಅವನು ನೋಡಿ ಮುಗಿಸಲಿ ಎಂದು ಕಾದಳು.