ಮೂವತ್ತೊಂದು ಮಂದಿ ಒಂದನೇ ಶೀರ್ಷಿಕೆ

ಶಹಾಬಾದಿನಿಂದ ವಾಡಿ, ಚಿತ್ತಾಪುರ, ಸೇಡಂ, ಅತ್ತ ಸುಲೇಪೇಟದವರೆಗೆ ಮೂವತ್ತು ವರ್ಷ ಗೋಡೆ ಬರೆದವನು ತಮ್ಮಣ್ಣ. ನೆಲಹಾಸಿನ ಫರಸಿ ಕಲ್ಲು ಕಾರ್ಮಿಕರ ಸಂಘ ನಾಳೆ ಧರಣಿ ಕೂರುತ್ತದೆ ಎಂದರೆ ಇವತ್ತೇ ಇವನು ಕೆಂಪು ಬಣ್ಣದ ಡಬ್ಬಿ ಹಿಡಿದು ಹೊರಡಬೇಕು. ಗಣಿ ಮಾಲೀಕರ ಕಂಪೌಂಡಿಗೂ ಬರೆದ, ಠಾಣೆಯ ಹಿಂಗೋಡೆಗೂ ಬರೆದ. ಎರಡು ಸಲ ಲಾಠಿ ಏಟು ತಿಂದ. ಹೊಡೆದ ಪೇದೆಯೊಬ್ಬ ಮರುವಾರ ಮನೆ ಹುಡುಕಿಕೊಂಡು ಬಂದು, ಅಕ್ಷರ ಚೆನ್ನಾಗಿವೆ ಎಂದು ಹೊಗಳಿ, ಮಗಳ ಮದುವೆಯ ಬೋರ್ಡು ಬರೆಸಿಕೊಂಡು ಹೋದ.

ಅರವತ್ತು ದಾಟಿದ ಮೇಲೆ ಬಲಗೈ ನಡುಗತೊಡಗಿತು. ‘ಹೋರಾಟ’ ಎಂದು ಬರೆದರೆ ಅಕ್ಷರಗಳು ಕುಡಿದವರ ಹಾಗೆ ಒಂದರ ಮೇಲೊಂದು ವಾಲಿದವು. ಸಂಘದವರು ಕುಂಚ ಕಸಿದುಕೊಳ್ಳಲಿಲ್ಲ, ಕರೆಯುವುದನ್ನು ನಿಲ್ಲಿಸಿದರು. ಆಫೀಸಿನ ಮೂಲೆಯಲ್ಲಿ ಕೆಟ್ಟ ಮೈಕಿನ ಪಕ್ಕ ಅವನಿಗೊಂದು ಕುರ್ಚಿ ಕೊಟ್ಟರು. ಹೆಂಡತಿ ಮರೆಮ್ಮ ಒಂದು ದಿನ ಆಫೀಸಿಗೇ ಬಂದು, “ಇವರಿಗಿ ಏನರ ಕೆಲಸ ಕೊಡ್ರಿ, ಮನ್ಯಾಗ ಕುಂತು ನನ್ನ ಅಡಗಿ ಮ್ಯಾಲ ಧಿಕ್ಕಾರ ಕೂಗಲಿಕತ್ಯಾರ” ಎಂದು ದೂರು ಕೊಟ್ಟು ಹೋದಳು.

ಅದೇ ಹೊತ್ತಿಗೆ ಗ್ರಂಥಾಲಯದಲ್ಲಿ ಮೂರು ದಿನ ವೆಬ್‌ಸೈಟ್ ಮಾಡುವುದನ್ನು ಕಲಿಸುತ್ತಾರೆ ಎಂದು ಗೊತ್ತಾಯಿತು. ಸಂಘಕ್ಕೂ ಒಂದು ವೆಬ್‌ಸೈಟ್ ಬೇಕಿತ್ತು. ಕೆಲಸವಿಲ್ಲದವನು ತಮ್ಮಣ್ಣ ಒಬ್ಬನೇ. ಕಳಿಸಿದರು.

ಗ್ರಂಥಾಲಯದ ಶಿವಗಂಗಾ ಚೆನ್ನಾಗಿಯೇ ಹೇಳಿಕೊಟ್ಟಳು. ಪುಟಕ್ಕೆ ಶೀರ್ಷಿಕೆಗಳಿರಬೇಕು, ಅವುಗಳಲ್ಲಿ ಒಂದರಿಂದ ಆರರವರೆಗೆ ಹಂತಗಳಿವೆ. ಪುಟ ಯಾತರದ್ದು ಎನ್ನುವುದು ಒಂದನೇದು, ಅದರೊಳಗಿನ ದೊಡ್ಡ ವಿಷಯಗಳು ಎರಡನೇದು, ಅವುಗಳ ಒಳವಿಷಯ ಮೂರನೇದು. ಒಂದು ಪುಟದಿಂದ ಇನ್ನೊಂದಕ್ಕೆ ಹೋಗಲು ಲಿಂಕ್. ತಮ್ಮಣ್ಣ ತಲೆಯಾಡಿಸಿದ. ಇದರಲ್ಲಿ ಹೊಸದೇನೂ ಅವನಿಗೆ ಕಾಣಲಿಲ್ಲ. ಸಮಾರಂಭದ ಆಮಂತ್ರಣ ಪತ್ರಿಕೆ ಎಷ್ಟು ಬರೆದಿಲ್ಲ? ಸಾನ್ನಿಧ್ಯ ಮೇಲೆ, ಅಧ್ಯಕ್ಷತೆ ಅದರ ಕೆಳಗೆ, ಉದ್ಘಾಟನೆ ಅದರ ಕೆಳಗೆ, ಉಪಸ್ಥಿತಿ ತೀರಾ ಕೆಳಗೆ. ಯಾರ ಹೆಸರು ಎಷ್ಟು ದಪ್ಪ ಎನ್ನುವುದರಲ್ಲಿ ತಪ್ಪಿದರೆ ಏನಾಗುತ್ತದೆ ಎಂಬುದು ಅವನಿಗೆ ಲಾಠಿ ಏಟಿಗಿಂತ ಚೆನ್ನಾಗಿ ನೆನಪಿತ್ತು.

ಹಾಗಾಗಿ ಅಧ್ಯಕ್ಷ ನಾಗೇಂದ್ರಪ್ಪನಿಗೆ ಒಂದನೇ ಶೀರ್ಷಿಕೆ ಕೊಟ್ಟ, ಕಾರ್ಯದರ್ಶಿ ಸಿದ್ದಣ್ಣನಿಗೆ ಎರಡನೇದು, ತಾಲೂಕಿನವರಿಗೆ ಮೂರನೇದು. ಹೀಗೆ ಇಳಿಯುತ್ತಾ ನಾಲ್ಕು ತಿಂಗಳ ಹಿಂದೆ ಸೇರಿದ ಇಮ್ರಾನನಿಗೆ ಆರನೇದು ಬಂತು.

ಮಧ್ಯಾಹ್ನದೊಳಗೆ ಸಿದ್ದಣ್ಣ ಬಂದ. “ಯಾಕೋ ತಮ್ಮಣ್ಣ, ನಾ ಎರಡನೇದಾಗ ಕುಂದರೋ ಮನುಷ್ಯಾನ? ಜೈಲಿಗೆ ಯಾರು ಮೊದಲ ಹೋಗಿದ್ರು?”

“ಅವರು ಅಧ್ಯಕ್ಷರಲ್ರಿ.”

“ಅವ ಹೋಗಿದ್ದು ನಾ ಹೋದ ಎರಡು ದಿನಕ್ಕ.”

ಸಂಜೆಗೆ ಸೇಡಂನವರ ಫೋನು, ಆಮೇಲೆ ಆಡಕಿಯವರದು, ಆಮೇಲೆ ಚಿಂಚೋಳಿಯವರದು. ತಮ್ಮಣ್ಣ ಕೂತು ಸಮಿತಿಯ ಮೂವತ್ತೊಂದು ಮಂದಿಗೂ ಒಂದನೇ ಶೀರ್ಷಿಕೆ ಕೊಟ್ಟುಬಿಟ್ಟ. ಮರುದಿನ ಒಬ್ಬರೂ ಫೋನು ಮಾಡಲಿಲ್ಲ. ಸಂಘದಲ್ಲಿ ಅಷ್ಟು ಶಾಂತಿ ಹಿಂದೆಂದೂ ಇರಲಿಲ್ಲ.

ಮೂವತ್ತೊಂದು ಹೆಸರುಗಳ ಕೆಳಗೆ, ಪುಟದ ತಳದಲ್ಲಿ, ಒಂದು ಸಾಲಿತ್ತು. ಕಲ್ಲಿನ ಧೂಳು ಕುಡಿದವರಿಗೆ ಎದೆ ತಪಾಸಣೆ ಶಿಬಿರ, ಬರುವ ಸೋಮವಾರಕ್ಕೆ ಒಂದು ವಾರ ಬಿಟ್ಟು, ಶಹಾಬಾದಿನಲ್ಲಿ. ಅದನ್ನು ತಮ್ಮಣ್ಣ ಗೋಡೆಯ ಮೇಲಿನ ಹಾಗೆ ದಪ್ಪ, ಕೆಂಪು ಅಕ್ಷರದಲ್ಲಿ ಬರೆದಿದ್ದ. ಅದರಡಿ ಆರು ಲಿಂಕು. ಆರಕ್ಕೂ ಒಂದೇ ಹೆಸರು: ಇಲ್ಲಿ ಒತ್ತಿ.

ಭಾನುವಾರ ಸಂಘದ ಸಭೆಗೆ ಸೈದಾನಬಿ ಬಂದಳು. ಇಪ್ಪತ್ತೆರಡು ವರ್ಷ ಪಾಲಿಶ್ ಮಷೀನಿನ ಮುಂದೆ ನಿಂತವಳು. ಒಂದು ಕಣ್ಣನ್ನು ಕಲ್ಲಿನ ಚೂರು ತಿಂದಿತು, ಇನ್ನೊಂದನ್ನು ಸಕ್ಕರೆ ಕಾಯಿಲೆ. ಈಗ ಪುಟದಲ್ಲಿ ಇರುವುದನ್ನೆಲ್ಲ ಓದಿ ಹೇಳುವ ಫೋನೊಂದು ಅವಳ ಕೈಯಲ್ಲಿರುತ್ತದೆ. ಪಾಲಿಶ್ ಹೆಂಗಸರಿಗೆಲ್ಲ ಸುದ್ದಿ ಮುಟ್ಟಿಸುವವಳು ಅವಳೇ.

“ಶಿಬಿರಕ್ಕ ಏನೇನು ಕಾಗದ ತರಬೇಕಂತ ಕೇಳ್ತೀನಿ, ತಡೀರಿ” ಎಂದು ಫೋನನ್ನು ಮೇಜಿನ ಮೇಲಿಟ್ಟಳು.

“ಶೀರ್ಷಿಕೆ, ಹಂತ ಒಂದು. ಸನ್ಮಾನ್ಯ ಶ್ರೀ ನಾಗೇಂದ್ರಪ್ಪನವರು, ಅಧ್ಯಕ್ಷರು” ಎಂದಿತು ಫೋನು. ನಾಗೇಂದ್ರಪ್ಪ ನೆಟ್ಟಗೆ ಕೂತ. “ಶೀರ್ಷಿಕೆ, ಹಂತ ಒಂದು. ಸನ್ಮಾನ್ಯ ಶ್ರೀ ಸಿದ್ದಣ್ಣನವರು.” ಸಿದ್ದಣ್ಣ ಮೀಸೆ ಸವರಿದ. ಹದಿನೇಳನೇ ಸನ್ಮಾನ್ಯರ ಹೊತ್ತಿಗೆ ಚಹಾ ಬಂತು. ಇಪ್ಪತ್ತೈದನೆಯವರ ಹೊತ್ತಿಗೆ ಲೋಟ ತೊಳೆದಿಟ್ಟದ್ದೂ ಆಯಿತು. ಹೆಸರುಗಳು ಮುಗಿದ ಮೇಲೆ, “ಮುಂದೆ ಶೀರ್ಷಿಕೆ ಇಲ್ಲ” ಎಂದಿತು ಫೋನು. ಸೈದಾನಬಿ ಲಿಂಕು ಹುಡುಕಿದಳು. “ಲಿಂಕ್, ಇಲ್ಲಿ ಒತ್ತಿ. ಲಿಂಕ್, ಇಲ್ಲಿ ಒತ್ತಿ. ಲಿಂಕ್, ಇಲ್ಲಿ ಒತ್ತಿ.”

“ಎಲ್ಲಿ ಒತ್ತಲ್ಯೋ? ನಿಮ್ಮ ಯಾರದರ ಕುತ್ತಿಗಿ ಒತ್ತಲೇನು?” ಎಂದಳು ಸೈದಾನಬಿ.

ಎಲ್ಲರೂ ನಕ್ಕರು. ನಾಗೇಂದ್ರಪ್ಪ ನಗಲಿಲ್ಲ. “ಕಲಬುರಗಿ ಕಂಪ್ಯೂಟರ್ ಅಂಗಡಿಯವರಿಗೆ ಕೊಟ್ಟುಬಿಡೋಣ ಇದನ್ನ. ತಮ್ಮಣ್ಣ, ಶುಕ್ರವಾರ ತನಕ ನೋಡ್ತೀವಿ. ಆವಾಗೂ ಸೈದಾನಬಿ ಆಪಾಗ ಶಿಬಿರದ ಸುದ್ದಿ ಸಿಗಲಿಲ್ಲಂದ್ರ ನೀ ಮನ್ಯಾಗ ಆರಾಮ ಕುಂದ್ರು.”

ಕೆಟ್ಟ ಮೈಕಿನ ಪಕ್ಕದ ಕುರ್ಚಿಯೂ ಹೋಗುತ್ತದೆ ಎಂದು ತಮ್ಮಣ್ಣನಿಗೆ ತಿಳಿಯಿತು.

ಮರುದಿನ ಬೆಳಿಗ್ಗೆಯೇ ಅವನು ಸೈದಾನಬಿಯ ಮನೆಗೆ ಹೋದ. ಅವಳು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು.

“ಆಪಾ, ನನ್ನ ಮರ್ಯಾದಿ ಕಳದಿ.”

“ಮರ್ಯಾದಿ ಮೂವತ್ತೊಂದು ಮಂದಿಗಿ ಹಂಚಿದವ ನೀನೇ. ನಿನಗ ಉಳಸ್ಕೋಬೇಕಿತ್ತು.”

“ಶಿಬಿರದ ಸುದ್ದಿ ಕೆಂಪು ಅಕ್ಷರದಾಗ ಬರದೀನಿ. ಇಷ್ಟು ದಪ್ಪ.”

“ಕೆಂಪು ಫೋನಿಗಿ ಕೇಳಸ್ತದೇನೋ? ದಪ್ಪ ಮಾಡಿದ್ದು ದಪ್ಪ ಅಷ್ಟೇ, ಹೆಡ್ಡಿಂಗ್ ಆಗಂಗಿಲ್ಲ. ಬಾ ಇಲ್ಲಿ, ಕುಂದ್ರು.” ಅವನ ಬೆರಳು ಹಿಡಿದು ತನ್ನ ಫೋನಿನ ಮೇಲೆ ಎಳೆಸಿದಳು. ಎಳೆದ ಪ್ರತಿಸಲ ಫೋನು ಒಂದು ಶೀರ್ಷಿಕೆಯಿಂದ ಮುಂದಿನ ಶೀರ್ಷಿಕೆಗೆ ಜಿಗಿಯಿತು. “ನಾ ಎಲ್ಲಾ ಕೇಳಕೋತ ಕುಂದರಂಗಿಲ್ಲ. ಕಾಗಿಣಾ ಹೊಳಿ ದಾಟುವಾಗ ಕಲ್ಲಿಂದ ಕಲ್ಲಿಗಿ ಜಿಗೀತೀವಲ್ಲ, ಹಂಗ ಹೋಗ್ತೀನಿ. ನೀ ಏನ್ ಮಾಡೀದಿ? ಕಲ್ಲ ಕಲ್ಲಿಗೂ ಒಬ್ಬೊಬ್ಬ ಲೀಡರ್‌ಗ ಕುಂದ್ರಿಸೀದಿ. ಕಾಲ ಎಲ್ಲಿಡಲಿ?”

ತಮ್ಮಣ್ಣ ಇನ್ನೊಂದು ಸಲ ತಾನೇ ಬೆರಳು ಎಳೆದು ನೋಡಿದ. ಆಮೇಲೆ ಕೇಳಿದ, “ಅವರಿಗಿ ಇಳಸಿದ್ರ ಜಗಳಾ ಬೀಳ್ತಾರಲ್ಲ?”

“ಬೀಳ್ಲಿ. ಪಾಲಿಶ್ ಹೆಂಗಸರಿಗೆ ಅವರ ಹೆಸರು ಬಾಯಿಪಾಠ ಅದಾವ. ತಾರೀಖ ಗೊತ್ತಿಲ್ಲ.”

ಎರಡು ದಿನ ತಮ್ಮಣ್ಣ ಗ್ರಂಥಾಲಯದಲ್ಲಿ ಕೂತ. ಒಂದನೇ ಶೀರ್ಷಿಕೆ ಒಂದೇ ಒಂದು ಉಳಿಯಿತು, ಸಂಘದ ಹೆಸರು. ಎರಡನೇ ಹಂತದಲ್ಲಿ ಎದೆ ತಪಾಸಣೆ ಶಿಬಿರ. ಅದರ ಒಳಗೆ ಮೂರನೇ ಹಂತದಲ್ಲಿ ‘ಯಾವಾಗ, ಎಲ್ಲಿ’ ಮತ್ತು ‘ತರಬೇಕಾದ ಕಾಗದ’. ಮತ್ತೆ ಎರಡನೇ ಹಂತದಲ್ಲಿ ಕೆಲಸದ ತಕರಾರು ಹೇಳುವ ಬಗೆ. ‘ಇಲ್ಲಿ ಒತ್ತಿ’ ಎಂಬುದನ್ನೆಲ್ಲ ಅಳಿಸಿ ‘ಚಿತ್ತಾಪುರ ತಾಲೂಕಿನವರು ಯಾರನ್ನು ಕೇಳಬೇಕು’, ‘ಶಿಬಿರದ ಅರ್ಜಿ’ ಎಂದು ಲಿಂಕಿಗೊಂದು ನಿಜವಾದ ಹೆಸರು ಕೊಟ್ಟ. ಸನ್ಮಾನ್ಯರನ್ನೆಲ್ಲ ‘ಸಮಿತಿಯ ಸದಸ್ಯರು’ ಎಂಬ ಕೊನೆಯ ಲಿಂಕಿನ ಹಿಂದಿನ ಪುಟಕ್ಕೆ ಸಾಗಿಸಿದ. ಅಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬ ಪ್ರಶ್ನೆ ಎದ್ದಾಗ ಶಿವಗಂಗಾ, “ಅಕ್ಷರಮಾಲಿ ಪ್ರಕಾರ ಹಾಕ್ರಿ, ಅದರ ಜೋಡಿ ಯಾರೂ ಜಗಳಾ ಮಾಡಂಗಿಲ್ಲ” ಎಂದಳು. ಇಮ್ರಾನ್ ಎಲ್ಲರಿಗಿಂತ ಮೇಲೆ ಬಂದ.

ಬುಧವಾರ ಸಂಘದ ಮೇಲ್‌ಗೆ ವೈದ್ಯರ ತಂಡದಿಂದ ಪತ್ರ ಬಂತು. ಸೋಮವಾರ ಆಗುವುದಿಲ್ಲ, ಈ ಶನಿವಾರವೇ ಬರುತ್ತೇವೆ, ಹತ್ತು ಗಂಟೆಗೆ. ತಮ್ಮಣ್ಣ ತಕ್ಷಣ ಪುಟದಲ್ಲಿ ದಿನ ಬದಲಿಸಿದ. ಯಾರಿಗೂ ಫೋನು ಮಾಡಲಿಲ್ಲ. ಮೂವತ್ತು ವರ್ಷದಲ್ಲಿ ಅವನು ಗೋಡೆ ಬರೆದ ಮೇಲೆ ಮನೆಮನೆಗೆ ಹೋಗಿ ಹೇಳಿದವನಲ್ಲ. ಬರೆದರೆ ಊರು ಓದುತ್ತದೆ, ಅಷ್ಟೇ.

ಶುಕ್ರವಾರ ನಾಗೇಂದ್ರಪ್ಪ ಸಿಟ್ಟಿನಿಂದಲೇ ಆಫೀಸಿನೊಳಗೆ ಬಂದ. “ನಿನ್ನಿ ಮುಂಜಾನಿಂದ ಹುಡುಕ್ಲಿಕತ್ತೀನಿ, ನನ್ನ ಹೆಸರೇ ಇಲ್ಲ. ಕಡೀಕಿ ಸಿಕ್ಕಿತು, ಯಾವುದೋ ಲಿಂಕಿನ ಬೆನ್ನ ಹಿಂದ. ಅದೂ ಈ ಇಮ್ರಾನನ ಕೆಳಗ.”

“ನಾ ಏನೂ ಹೇಳಿಲ್ರಿ ಅಣ್ಣಾರ” ಎಂದ ಇಮ್ರಾನ್, ಗೋಡೆಗೆ ಒರಗಿ.

“ನಾ ಎಲ್ಲಿ ಅದೀನಿ ಗೊತ್ತೇನು?” ಎಂದ ಸಿದ್ದಣ್ಣ. “ಇಪ್ಪತ್ತೊಂಬತ್ತನೇದು. ಕಲಬುರಗಿಯವರಿಗೇ ಕೊಟ್ಟುಬಿಡ್ರಿ ಇದನ್ನ, ಠರಾವ ಬರೀತೀನಿ.”

“ಬರೀ ಆಮ್ಯಾಲ” ಎಂದಳು ಸೈದಾನಬಿ. “ನನಗ ಸಿಗಬೇಕಂತ ಮಾತಾಗಿತ್ತು. ಸುಮ್ನ ಕುಂದರ್ರಿ ಎಲ್ಲಾರು.”

ಬೆರಳು ಎಳೆದಳು. ಸಂಘದ ಹೆಸರು. ಮತ್ತೆ ಎಳೆದಳು. ಎದೆ ತಪಾಸಣೆ ಶಿಬಿರ. ಮೂರನೇ ಸಲ ಎಳೆದಾಗ “ಯಾವಾಗ, ಎಲ್ಲಿ” ಎಂದಿತು ಫೋನು, ನಿಲ್ಲದೆ ಮುಂದೆ ಓದಿತು: “ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಸೋಮವಾರದ ಶಿಬಿರ ಇರುವುದಿಲ್ಲ.”

ಎಲ್ಲರೂ ಗೋಡೆಯ ಕ್ಯಾಲೆಂಡರಿನತ್ತ ತಿರುಗಿದರು.

“ಶನಿವಾರ ಅಂದ್ರ ನಾಳಿ” ಎಂದ ಸಿದ್ದಣ್ಣ.

ನಾಗೇಂದ್ರಪ್ಪನ ಮುಖ ಸುಣ್ಣವಾಯಿತು. ವಾಡಿಯಿಂದ ಚಿಂಚೋಳಿಯ ತನಕ ಇನ್ನೂರು ಮಂದಿಗೆ ಅವನೇ ಬಾಯಾರೆ ಸೋಮವಾರ ಎಂದು ಹೇಳಿ ಬಂದಿದ್ದ. “ನನಗ್ಯಾಕ ಹೇಳಲಿಲ್ಲೋ ತಮ್ಮಣ್ಣ?”

“ಬುಧವಾರದಿಂದ ಬರದೀನಲ್ರಿ. ನಿನ್ನಿ ನೀವೂ ಅದೇ ಪುಟದಾಗ ಇದ್ರಿ.”

“ನಾ ನನ್ನ ಹೆಸರು…” ಎಂದವನು ಅಲ್ಲಿಗೇ ನಿಲ್ಲಿಸಿದ.

“ಹುಡುಕ್ಲಿಕತ್ತಿದ್ದಿ” ಎಂದು ಸೈದಾನಬಿ ಮುಗಿಸಿದಳು. ಅಷ್ಟರಲ್ಲಿ ಅವಳು ಆ ಪುಟದ ಲಿಂಕನ್ನು ಪಾಲಿಶ್ ಹೆಂಗಸರ ವಾಟ್ಸಾಪ್ ಗುಂಪಿಗೆ ಕಳಿಸಿಯೂ ಆಗಿತ್ತು.

ಆಮೇಲೆ ಸಭೆ ಇರಲಿಲ್ಲ, ಓಟವಿತ್ತು. ಸೇಡಂಗೆ ಒಬ್ಬ, ಸುಲೇಪೇಟಕ್ಕೆ ಒಬ್ಬ ಬೈಕು ಹತ್ತಿದರು. ಉಳಿದವರು ಹೊರಗೆ ನಿಂತು ಫೋನಿನಲ್ಲಿ ಕೂಗಿದರು. “ಪುಟದಾಗ ಬರದದ ನೋಡ್ರಿ, ಹೌದು, ಶನಿವಾರ, ಎರಡನೇ ಹೆಡ್ಡಿಂಗಿನಾಗ.” ಠರಾವಿನ ಪುಸ್ತಕ ಹಿಡಿದ ಸಿದ್ದಣ್ಣ ಬಾಗಿಲಲ್ಲಿ ನಾಗೇಂದ್ರಪ್ಪನನ್ನು ತಡೆದು, “ಕಲಬುರಗಿ ಅಂಗಡಿದು ಏನಂತ ಬರೀಲಿ?” ಎಂದ.

“ಅದೇನೂ ಬರೀಬ್ಯಾಡ. ಮೊದಲ ಆಡಕಿಗೆ ಫೋನ್ ಹಚ್ಚು.”

ಶನಿವಾರ ನೂರೆಪ್ಪತ್ತು ಮಂದಿ ಬಂದರು. ಒಂಬತ್ತೂವರೆಗೆ ತಮ್ಮಣ್ಣ ಶಿಬಿರದ ಅಂಗಳ ಹೊಕ್ಕನೋ ಇಲ್ಲವೋ, ಸೈದಾನಬಿ ಹೆಜ್ಜೆ ಸದ್ದಿನಿಂದಲೇ ಗುರುತಿಸಿ ಕೋಲಿನಿಂದ ಅವನ ಕಾಲು ತಡೆದಳು.

“ಬಂದ್ಯಾ? ಹೆಂಗಸರಿಗಿ ಯಾವ ಕೋಣಿ ಅಂತ ನಿನ್ನ ಪುಟದಾಗ ಎಲ್ಲೂ ಇಲ್ಲ. ಹತ್ತು ಮಂದಿ ನನಗ ಕೇಳಿದ್ರು.”

“ಇಲ್ಲೇ ಬಲಕ್ಕ ಅದ ಆಪಾ, ಬಾ, ತೋರಸ್ತೀನಿ.”

“ನನಗ ತೋರಸ್ಬ್ಯಾಡ. ಬರೀ.”

ತಮ್ಮಣ್ಣ ಮೆಟ್ಟಿಲ ಮೇಲೆ ಕೂತು ಫೋನು ತೆಗೆದ. ‘ಯಾವಾಗ, ಎಲ್ಲಿ’ ಎಂಬುದರ ಕೆಳಗೆ ಒಂದೊಂದೇ ಅಕ್ಷರ ಒತ್ತಿದ: ಹೆಂಗಸರಿಗೆ ಬಲಗಡೆಯ ಎರಡನೇ ಬಾಗಿಲು. ಸೈದಾನಬಿ ಕೇಳಿಸಿಕೊಂಡಳು, ಹೂಂ ಎಂದಳು, ಕೋಲು ಊರುತ್ತ ಬಲಕ್ಕೆ ತಿರುಗಿ ಎರಡನೇ ಬಾಗಿಲು ಹೊಕ್ಕಳು. ಅಂಗಳದ ಆ ಕಡೆ ನಾಗೇಂದ್ರಪ್ಪ ಉದ್ಘಾಟನೆಯ ಭಾಷಣ ಶುರುಮಾಡಿದ್ದ. ಹೆಂಗಸರ ಸಾಲು ಅವನನ್ನು ಅಲ್ಲೇ ಬಿಟ್ಟು ಅವಳ ಹಿಂದೆ ಹೋಯಿತು.