ಬಸ್ಸಾರಿನ ಕಟ್ಟು ಚೆಲ್ಲಿದ ದಿನ

ನಾನು ಚಿಕ್ಕವನಿದ್ದಾಗ ಎಲ್ಲವೂ ರುಚಿಯಾಗಿತ್ತು, ಎಲ್ಲರೂ ಒಳ್ಳೆಯವರಾಗಿದ್ದರು ಎಂದು ಶುರುಮಾಡುವ ತಾತಂದಿರನ್ನು ನಂಬಬೇಡಿ. ಅವರಿಗೆ ಮರೆವು, ಇಲ್ಲವೇ ನಾಚಿಕೆಯಿಲ್ಲ. ನಾನೂ ಅಂಥವನೇ. ಈ ಕಥೆಯನ್ನು ಮೊಮ್ಮಕ್ಕಳಾದ ನಿಮಗೆ ಎರಡು ಮೂರು ಸಲ ಹೇಳಿದ್ದೇನೆ. ಪ್ರತಿ ಸಲವೂ ಒಂದಿಷ್ಟು ಸಕ್ಕರೆ ಬೆರೆಸಿದ್ದೇನೆ. ಈಗ ಅದನ್ನು ತೆಗೆದು ಬರೆಯುತ್ತೇನೆ.

ನಮ್ಮ ಹಳ್ಳಿ ಇದ್ದದ್ದು ಮುಳಬಾಗಿಲಿನ ಆಚೆ, ಆಂಧ್ರದ ಗಡಿಯ ಕಡೆ. ಮನೆಯಲ್ಲಿ ಮಾಂಸ, ಮೊಟ್ಟೆ ಇರಲಿಲ್ಲ. ಮುದ್ದೆ, ಸೊಪ್ಪು, ಸೊಪ್ಪು, ಮುದ್ದೆ. ಈಗ ಹೆದ್ದಾರಿಯ ಹೋಟೆಲಿನವರು ಇದನ್ನೇ ‘ಅಜ್ಜಿಯ ಕೈರುಚಿ’ ಎಂದು ಬೋರ್ಡು ಬರೆಸಿ ಹಾಕುತ್ತಾರೆ. ಆ ಬೋರ್ಡು ಬರೆಸಿದವರು ಒಂದು ದಿನವೂ ಸೊಪ್ಪು ಬಿಡಿಸಿರಲಾರರು. ಬೆಳಗಾಗೆದ್ದು ಹೊಲದ ಬದುವಿನಲ್ಲಿ ಬಗ್ಗಿ ಅಣ್ಣೆ, ಕೀರೆ, ಗೋಣಿ ಎಂದು ಸಿಕ್ಕಿದ ಸೊಪ್ಪನ್ನೆಲ್ಲ ಕಿತ್ತು ತರಬೇಕು. ಆಮೇಲೆ ಕೂತು ಒಂದೊಂದೇ ಎಲೆ ಬಿಡಿಸಬೇಕು. ಬೆರಳೆಲ್ಲ ಹಸಿರು, ಉಗುರಿನ ಸಂದಿಯಲ್ಲಿ ಮಣ್ಣು, ಎಲೆಯ ಹಿಂದೆ ಹುಳು. ನನಗೆ ಅಸಹ್ಯವಾಗುತ್ತಿತ್ತು. ಆದರೆ ಆ ಕೆಲಸ ಮಾಡುತ್ತಿದ್ದವಳು ಅಕ್ಕ. ನಾನು ಗಂಡುಹುಡುಗ. ಪಕ್ಕದ ಜಗಲಿಯ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದೆ.

ಆ ವರ್ಷ ಅಕ್ಕ ಏಳನೆಯ ತರಗತಿ ಮುಗಿಸಿದ್ದಳು. ಹೈಸ್ಕೂಲು ಸೇರಬೇಕೆಂದು ಅವಳ ಹಟ. ಊರಿನಲ್ಲಿ ಹೈಸ್ಕೂಲಿರಲಿಲ್ಲ. ಕೋಲಾರದಲ್ಲಿದ್ದ ಅತ್ತೆ, ಅಂದರೆ ಅಪ್ಪನ ಅಕ್ಕ, ‘ಅಡುಗೆ ಬಂದರೆ ಇಟ್ಟುಕೊಳ್ಳುತ್ತೇನೆ, ಬಂದು ನೋಡುತ್ತೇನೆ’ ಎಂದು ಹೇಳಿ ಕಳುಹಿಸಿದ್ದರು. ಅಮ್ಮ ಆಗ ಬಾಣಂತಿ. ಒಳಕೋಣೆ ಬಿಟ್ಟು ಬರುವಂತಿರಲಿಲ್ಲ. ಹೀಗೆ ಅಕ್ಕನ ಓದು ಅವಳೊಬ್ಬಳೇ ಮಾಡಬೇಕಾಗಿದ್ದ ಒಂದು ಹೊತ್ತಿನ ಊಟದ ಮೇಲೆ ನಿಂತಿತು.

ಅತ್ತೆ ಪೌಡರಿನ ಘಮದೊಂದಿಗೆ ಬಸ್ಸಿಳಿದು ಬಂದರು. ಅಂಗಳದಲ್ಲಿ ಗುಡ್ಡೆ ಹಾಕಿದ್ದ ಸೊಪ್ಪನ್ನು ಕಾಲಿನಿಂದ ಸರಿಸಿದರು.

“ಏನೇ ಇದು? ದನಕ್ಕಾ?”

“ಇಲ್ಲ ಅತ್ತೆ, ನಿಮಗೇ,” ಎಂದಳು ಅಕ್ಕ.

ಅತ್ತೆ ನಗಲಿಲ್ಲ. ನಾನು ನಕ್ಕೆ.

ಅಕ್ಕ ಬಸ್ಸಾರಿಗೆ ಇಟ್ಟಳು. ತೊಗರಿಬೇಳೆಯ ಜೊತೆ ಸೊಪ್ಪು ಬೆಂದು, ಹಸಿ ಮಣ್ಣಿನಂಥ ವಾಸನೆಯ ಹಬೆ ಮನೆಯನ್ನೆಲ್ಲ ತುಂಬಿತು. ಮಡಕೆಯ ಬಾಯಿಗೆ ತಟ್ಟೆ ಒತ್ತಿ ಹಿಡಿದು ಅವಳು ನೀರನ್ನು ಬಸಿದಳು. ಆ ನೀರಿಗೆ ಕಟ್ಟು ಎನ್ನುತ್ತಾರೆ. ನೋಡಲು ಕೆಸರಿನ ಬಣ್ಣ, ಆದರೆ ಬಸ್ಸಾರಿನ ಜೀವವೇ ಅದು. ಮೆಣಸಿನಕಾಯಿ, ಬೆಳ್ಳುಳ್ಳಿ, ತೆಂಗಿನಕಾಯಿ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಕಟ್ಟಿನ ಪಾತ್ರೆಯನ್ನು ಹಿತ್ತಲ ಬಾಗಿಲಲ್ಲಿ ಆರಲು ಬಿಟ್ಟು, ಅಕ್ಕ ಪಲ್ಯಕ್ಕೆ ಒಗ್ಗರಣೆ ಹಾಕಿ, ಮುದ್ದೆ ತೊಳಸಿ, ಮಸಾಲೆ ರುಬ್ಬಲು ಒರಳಿನ ಬಳಿಗೆ ಹೋದಳು.

ಬಾಗಿಲಾಚೆಯೇ ಹಸುವಿಗೆ ಕಲಗಚ್ಚು ಇಡುವ ಬಾನಿಯಿತ್ತು. ನಾನು ಪಾತ್ರೆ ಎತ್ತಿ ಬಾನಿಗೆ ಸುರಿದೆ. ಹಸು ಸೊರಸೊರನೆ ಕುಡಿಯಿತು.

ಗೊತ್ತಾಗದೆ ಸುರಿದೆ ಎಂದು ನಿಮಗೆ ಹೇಳಿದ್ದೆ. ಸುಳ್ಳು. ಕಟ್ಟು ಯಾವುದು, ಕಲಗಚ್ಚು ಯಾವುದು ಎಂಬುದು ನಮ್ಮ ಮನೆಯ ಬೆಕ್ಕಿಗೂ ಗೊತ್ತಿತ್ತು. ಅಕ್ಕನನ್ನು ಬಿಟ್ಟಿರಲಾರದೆ ಸುರಿದೆ ಎಂದೂ ಒಮ್ಮೆ ಹೇಳಿದ್ದೆ. ಅದನ್ನು ಕೇಳಿ ನಿಮ್ಮಲ್ಲೊಬ್ಬಳು ಅತ್ತಳು. ಅದೂ ಸುಳ್ಳು. ಅಕ್ಕ ಹೋದರೆ ಸೊಪ್ಪು ಬಿಡಿಸುವುದು ನನ್ನ ತಲೆಗೆ ಬರುತ್ತಿತ್ತು. ಅಷ್ಟೇ.

ರುಬ್ಬಿದ್ದನ್ನು ಹಿಡಿದು ಬಂದ ಅಕ್ಕ ಬರಿದಾದ ಪಾತ್ರೆ ನೋಡಿದಳು, ನನ್ನನ್ನು ನೋಡಿದಳು. “ಲೇ ಹಾಳಾದೋನೆ,” ಎಂದಳು, ಪಿಸುದನಿಯಲ್ಲಿ. ಆ ಹೊತ್ತಿಗೆ ಅತ್ತೆ ತಟ್ಟೆಯ ಮುಂದೆ ಕೂತಾಗಿತ್ತು. ಸಾರಿಲ್ಲದೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಅಕ್ಕ ಹಿತ್ತಲಿಗೆ ಓಡಿ ನಾಲ್ಕು ನಾಟಿ ಟೊಮೆಟೊ ಕಿತ್ತು ತಂದು, ಹಸಿಮೆಣಸಿನಕಾಯಿಯ ಜೊತೆ ಕೆಂಡದಲ್ಲಿ ಸುಟ್ಟಳು. ಚಟಪಟ ಎನ್ನುತ್ತಿದ್ದ ಸಿಪ್ಪೆಯನ್ನು ಬಿಸಿಬಿಸಿಯಾಗಿಯೇ ಸುಲಿದು, ಈರುಳ್ಳಿ, ಉಪ್ಪು ಹಾಕಿ ಕೈಯಲ್ಲೇ ಕಿವುಚಿದಳು. ಹೊಗೆ ಬೆರೆತ ಆ ಹುಳಿಯ ವಾಸನೆಗೆ ನನ್ನ ಬಾಯಲ್ಲಿ ನೀರೂರಿತು.

ನಾನು ಹೇಳುತ್ತಿದ್ದ ಕಥೆಯಲ್ಲಿ ಅತ್ತೆ ಆ ಗೊಜ್ಜಿನಲ್ಲಿ ಎರಡು ಮುದ್ದೆ ಉಂಡು, ಅಕ್ಕನ ಬೆನ್ನು ತಟ್ಟಿ, ಸಂಜೆಯ ಬಸ್ಸಿಗೇ ಅವಳನ್ನು ಕರೆದುಕೊಂಡು ಹೋಗುತ್ತಿದ್ದರು. ನೀವೆಲ್ಲ ಚಪ್ಪಾಳೆ ಹೊಡೆಯುತ್ತಿದ್ದಿರಿ. ಹಾಗೇನೂ ಆಗಲಿಲ್ಲ.

“ಪಲ್ಯ ಇದೆ, ಸಾರೆಲ್ಲೇ?” ಎಂದರು ಅತ್ತೆ.

“ಕಟ್ಟನ್ನ ಇವನು ಚೆಲ್ಬಿಟ್ಟ ಅತ್ತೆ.”

“ಕಲಗಚ್ಚು ಅನ್ಕೊಂಡೆ,” ಎಂದು ನಾನು ಅಳತೊಡಗಿದೆ.

“ಅವನು ಚೆಲ್ಲೋವಾಗ ನೀನೆಲ್ಲಿದ್ದೆ?” ಅತ್ತೆ ನನ್ನತ್ತ ತಿರುಗಿಯೂ ನೋಡಲಿಲ್ಲ. “ನಮ್ಮನೇಲಿ ಹತ್ತು ಜನ ಉಣ್ತಾರೆ. ಒಂದು ಪಾತ್ರೆ ಕಾಯಕ್ಕೆ ಬರದೋಳನ್ನ ಕರ್ಕೊಂಡು ಹೋಗಿ ಏನ್ ಮಾಡ್ಲಿ?”

ಅಕ್ಕ ಗೊಜ್ಜು ಬಡಿಸಲು ಬಗ್ಗಿದಳು. “ಚಾಲು, ಚಾಲು,” ಎಂದು ಅತ್ತೆ ಕೈ ಅಡ್ಡ ಹಿಡಿದರು. ಸಿಟ್ಟು ಬಂದರೆ ‘ಸಾಕು’ ಎನ್ನುವುದಕ್ಕೂ ಅವರ ಬಾಯಿಗೆ ತೆಲುಗೇ ಬರುತ್ತಿತ್ತು. ಅಪ್ಪ ನೆಲ ನೋಡುತ್ತಾ ಕೂತಿದ್ದರು. ಸಂಜೆಯ ಬಸ್ಸಿಗೆ ಅತ್ತೆ ಒಬ್ಬರೇ ಹೋದರು.

ಅಕ್ಕ ಒಂದು ವರ್ಷ ಮನೆಯಲ್ಲಿ ಕೂತಳು. ಮರುವರ್ಷ ಅಪ್ಪ ಅವಳನ್ನು ಮುಳಬಾಗಿಲಿನಲ್ಲಿ ಪರಿಚಯದವರ ಮನೆಯಲ್ಲಿ ಬಿಟ್ಟರು. ತನಗಿಂತ ಚಿಕ್ಕವರ ನಡುವೆ ಕೂತು ಅವಳು ಓದಿದಳು. ಇದನ್ನು ಬರೆಯುವ ಮುಂಚೆ ಅವಳಿಗೆ ಫೋನ್ ಮಾಡಿ, “ಗೊಜ್ಜು ಮಾತ್ರ ಅದ್ಭುತವಾಗಿತ್ತು ಕಣೇ ಅಕ್ಕ,” ಎಂದೆ.

“ಇರಲ್ವಾ ಮತ್ತೆ? ಅತ್ತೆ ಬಿಟ್ಟಿದ್ದನ್ನೂ ನೀನೇ ಬಳಿದು ತಿಂದೆ. ಅದನ್ನೂ ಬರಿ,” ಎಂದಳು.

ಬರೆದಿದ್ದೇನೆ.

ನಿಮ್ಮ ಮಾಲೂರಿನ ಮನೆಗೆ ತರಕಾರಿ ತೊಳೆದು, ಹೆಚ್ಚಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ. ಹುಳುವಿಲ್ಲ, ರುಚಿಯೂ ಇಲ್ಲ. ಮೊನ್ನೆ ನಿಮ್ಮಲ್ಲಿ ದೊಡ್ಡವಳು ತನ್ನ ಊಟದ ಡಬ್ಬಿಗೆಂದು ಬೀನ್ಸ್ ಪಲ್ಯ ಇಟ್ಟು, ಪುಸ್ತಕ ಹಿಡಿದು ಕೂತಳು. ಕಮರು ವಾಸನೆ ಬಂದಾಗಲೇ ಎದ್ದದ್ದು. “ತಾತ, ಸೀದೋಯ್ತು! ಟ್ರೇನಿಗೆ ಲೇಟಾಯ್ತು, ಬರ್ತೀನಿ,” ಎಂದು ಬ್ಯಾಗು ಹೆಗಲಿಗೇರಿಸಿ ಕಾಲೇಜಿಗೆ ಓಡಿದಳು. ಯಾರೂ ಅವಳನ್ನು ತಡೆಯಲಿಲ್ಲ. ತಳ ಹಿಡಿದ ಬಾಣಲೆ ಸಿಂಕಿನಲ್ಲಿತ್ತು. ನಾನು ಅಂಗಿಯ ತೋಳು ಮಡಚಿ ಉಜ್ಜಿದೆ. ಅರ್ಧ ಗಂಟೆ ಹಿಡಿಯಿತು.